ಕೋಟೆ ಕೆಡವಿದಲ್ಲಿ ಓಟದ ಹಾದಿ

ವಿಯೆನ್ನಾಕ್ಕೆ ಬಂದ ಮರುದಿನ ಬೆಳಿಗ್ಗೆ ಐದೂವರೆಗೇ ಶೂ ಬಿಗಿದುಕೊಂಡು ಹೊರಬಿದ್ದೆ. ಉಳಿದುಕೊಂಡಿದ್ದ ಮನೆ ಸೇಂಟ್ ಸ್ಟೀಫನ್ಸ್ ಕೆಥೆಡ್ರಲ್‌ಗೆ ಕೂಗಳತೆಯ ದೂರದಲ್ಲಿತ್ತು. ಜೂನ್ ತಿಂಗಳು, ಅಷ್ಟು ಹೊತ್ತಿಗೇ ಚೆನ್ನಾಗಿ ಬೆಳಕಾಗಿತ್ತು. ಇಂಥ ಹಳೆಯ ಊರಿನ ನಡುಮಧ್ಯೆ ಓಡುವುದೇ ಒಂದು ಭಾಗ್ಯ ಅನ್ನಿಸಿತ್ತು. ಹತ್ತು ನಿಮಿಷ ಓಡುವಷ್ಟರಲ್ಲಿ ಕಾಲು ಬೇಡವೆನ್ನತೊಡಗಿತು. ಓಣಿಗೆ ಹಾಸಿದ ಕಲ್ಲು ರಾತ್ರಿಯ ಮಳೆಗೆ ನೆನೆದು ಜಾರುತ್ತಿತ್ತು. ಕಲ್ಲುಗಳ ಸಂದಿಯಲ್ಲಿ ಪಾದ ಒಂದೊಂದು ಸಲ ಒಂದೊಂದು ಕಡೆಗೆ ವಾಲುತ್ತಿತ್ತು. ನೂರು ಹೆಜ್ಜೆಗೊಂದು ತಿರುವು, ತಿರುವಿನಲ್ಲಿ ಅಂಗಡಿಗೆ ಸರಕು ಇಳಿಸುತ್ತಿರುವ ವ್ಯಾನು. ಎಡಗಾಲು ಸ್ವಲ್ಪ ಉಳುಕಿದ ಮೇಲೆ ಓಟ ನಿಲ್ಲಿಸಿ ನಡೆಯತೊಡಗಿದೆ.

ನಡೆದು ತಲುಪಿದ್ದು ಗ್ರಾಬೆನ್ ಎಂಬ ಅಗಲವಾದ ಬೀದಿಗೆ. ಈಗ ಅಲ್ಲಿ ಎರಡೂ ಬದಿಗೆ ದುಬಾರಿ ಅಂಗಡಿಗಳಿವೆ. ಆದರೆ ಗ್ರಾಬೆನ್ ಎಂದರೆ ಕಂದಕ. ರೋಮನ್ನರ ದಂಡು ವಿಂದೊಬೊನಾ ಎಂಬ ಹೆಸರಿನ ಪಾಳೆಯ ಕಟ್ಟಿಕೊಂಡು ಇಲ್ಲಿ ಬೀಡುಬಿಟ್ಟಿದ್ದಾಗ ಅದರ ಒಂದು ಅಂಚಿಗಿದ್ದ ಕಂದಕ ಇದೇ. 12ನೇ ಶತಮಾನದ ಕೊನೆಯ ಹೊತ್ತಿಗೆ ಊರು ಹಿಗ್ಗಿದಾಗ ಅದನ್ನು ಮುಚ್ಚಿದರು. ಒತ್ತೊತ್ತಾದ ಓಣಿಗಳ ನಡುವೆ ಇದೊಂದು ಬೀದಿ ಮಾತ್ರ ಯಾಕಿಷ್ಟು ಅಗಲ ಎಂಬ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಹಳೆಯ ಊರಿನಲ್ಲಿ ಕಾಲು ಚಾಚಿ ಓಡಬೇಕಾದರೆ ಉಳಿದುಕೊಂಡದ್ದನ್ನಲ್ಲ, ಇಲ್ಲವಾದದ್ದನ್ನು ಹುಡುಕಬೇಕು. ಕೋಟೆ ಎಲ್ಲಿತ್ತು, ರಾಜ ಬೇಟೆಯಾಡುತ್ತಿದ್ದುದು ಎಲ್ಲಿ, ನದಿ ಉಕ್ಕಿದಾಗ ನೀರು ಎತ್ತ ನುಗ್ಗುತ್ತಿತ್ತು? ಮುಂದಿನ ಐದು ದಿನ ಈ ಮೂರು ಪ್ರಶ್ನೆಗಳೇ ನನಗೆ ನಕ್ಷೆಯಾದವು.

ಮೊದಲು ಕೋಟೆ. 1529ರಲ್ಲಿ, ಮತ್ತೆ 1683ರಲ್ಲಿ ಆಟೊಮನ್ ಸೇನೆ ವಿಯೆನ್ನಾವನ್ನು ಮುತ್ತಿತು. ಎರಡು ಸಲವೂ ಗೋಡೆಗಳೊಳಗಿನ ಊರು ಕೈಬಿಡದೆ ಉಳಿದುಕೊಂಡಿತು. ಗೋಡೆಯ ಹೊರಗೆ ಶತ್ರುವಿಗೆ ಮರೆ ಸಿಗಬಾರದೆಂದು ಅಗಲವಾದ ಬಯಲನ್ನು ಮನೆಯಿಲ್ಲದೆ ಖಾಲಿ ಬಿಟ್ಟಿದ್ದರು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಗೋಡೆ ಕೆಡವಲು ಅಪ್ಪಣೆ ಕೊಟ್ಟ. 1865ರಲ್ಲಿ ಅದೇ ಜಾಗದಲ್ಲಿ ಹಳೆಯ ಊರನ್ನು ಬಳಸುವ ರಿಂಗ್‌ಸ್ಟ್ರಾಸೆ ಎಂಬ ರಸ್ತೆ ತೆರೆಯಿತು. ಕಾಲುವೆ ದಂಡೆಯ ರಸ್ತೆಯನ್ನೂ ಸೇರಿಸಿಕೊಂಡರೆ ಒಂದು ಸುತ್ತಿಗೆ ಐದು ಕಿಲೋಮೀಟರಿಗೆ ತುಸು ಹೆಚ್ಚು. ಒಪೆರಾ, ಸಂಸತ್ತು, ನಗರಸಭೆ, ವಿಶ್ವವಿದ್ಯಾಲಯ ಒಂದೊಂದಾಗಿ ಪಕ್ಕದಲ್ಲೇ ಹಿಂದೆ ಸರಿಯುತ್ತವೆ. ಪ್ರವಾಸಿ ಬಸ್ಸಿನಲ್ಲಿ ಕೂತು ನೋಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಏಳು ಗಂಟೆಯೊಳಗೆ ಮುಗಿಸಿಕೊಳ್ಳಬೇಕು. ಆಮೇಲೆ ಸಿಗ್ನಲ್ಲುಗಳು ನಿಲ್ಲಿಸುತ್ತಲೇ ಇರುತ್ತವೆ. ಸೈಕಲ್ಲಿಗೆಂದು ಗುರುತು ಹಾಕಿದ ಪಟ್ಟಿಯ ಮೇಲೆ ಮರೆತೂ ಕಾಲಿಡಬಾರದು. ಅಲ್ಲಿ ಸೈಕಲ್ಲುಗಳು ವೇಗವಾಗಿ ಬರುತ್ತವೆ. ನಡುವೆ ಸಿಗುವ ಫೋಕ್ಸ್‌ಗಾರ್ಟನ್ ಎಂಬ ಗುಲಾಬಿ ತೋಟಕ್ಕೂ ಅದೇ ಹಿನ್ನೆಲೆ. 1809ರಲ್ಲಿ ನೆಪೋಲಿಯನ್‌ನ ಪಡೆ ಸಿಡಿಸಿದ ಕೊತ್ತಲದ ಜಾಗದಲ್ಲಿ ಎದ್ದ ತೋಟ ಅದು.

ಎರಡನೆಯದು ಬೇಟೆಯ ಕಾಡು. ನನ್ನ ಮನಸ್ಸು ನಿಂತದ್ದು ಅಲ್ಲಿ.

ಪ್ರಾಟರ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1897ರ ದೈತ್ಯ ತಿರುಗುಚಕ್ರ. ಅದರ ಆಚೆಗೆ ಹೋಗಬೇಕು. ಕೆಥೆಡ್ರಲ್ ಬಳಿಯ ಸ್ಟೀಫನ್ಸ್‌ಪ್ಲಾಟ್ಸ್‌ನಿಂದ ಯು1 ಮೆಟ್ರೊದಲ್ಲಿ ಮೂರನೆಯ ನಿಲ್ದಾಣ ಪ್ರಾಟರ್‌ಸ್ಟರ್ನ್. ಅಲ್ಲಿಂದ ಹೌಪ್ಟ್‌ಆಲೆ ಶುರುವಾಗುತ್ತದೆ. 4.4 ಕಿಲೋಮೀಟರ್ ಉದ್ದದ, ನೂಲು ಹಿಡಿದಂತೆ ನೇರವಾದ, ಹೆಚ್ಚುಕಡಿಮೆ ಸಮತಟ್ಟಾದ ದಾರಿ. ಎರಡೂ ಬದಿಗೆ ಚೆಸ್ಟ್‌ನಟ್ ಮರಗಳು ಸಾಲುಗಟ್ಟಿವೆ. ಕಾರುಗಳಿಗೆ ಪ್ರವೇಶವಿಲ್ಲ. ಡಾಂಬರು ಬೇಡವೆನ್ನುವ ಮೊಣಕಾಲಿಗೆ ಪಕ್ಕದಲ್ಲೇ ಮಣ್ಣಿನ ಹಾದಿ ಇದೆ. ಒಂದು ಕಾಲದಲ್ಲಿ ಇದು ಅರಮನೆಯವರ ಬೇಟೆಗೆ ಮೀಸಲಾದ ಕಾಡು, ಜನಸಾಮಾನ್ಯರು ಒಳಗೆ ಬರುವಂತಿರಲಿಲ್ಲ. 1766ರಲ್ಲಿ ಎರಡನೇ ಜೋಸೆಫ್ ಅದನ್ನು ಎಲ್ಲರಿಗೂ ತೆರೆದ. ಒಂಬತ್ತು ವರ್ಷದ ನಂತರ ಔಗಾರ್ಟನ್ ಎಂಬ ಇನ್ನೊಂದು ಉದ್ಯಾನವನ್ನೂ ಬಿಟ್ಟುಕೊಟ್ಟ. ಅದರ ಹೆಬ್ಬಾಗಿಲ ಮೇಲೆ, ಈ ತಾಣ ಎಲ್ಲ ಮನುಷ್ಯರಿಗೂ ಅರ್ಪಿತ ಎಂಬರ್ಥದ ಬರಹ ಇಂದಿಗೂ ಇದೆ. ದೊರೆಯೊಬ್ಬ ಬೇಲಿ ತೆಗೆದದ್ದರಿಂದ ಇನ್ನೂರೈವತ್ತು ವರ್ಷದ ಮೇಲೆ ಎಲ್ಲಿಂದಲೋ ಬಂದ ನನಗೂ ಓಡಲು ನೆರಳು ಸಿಕ್ಕಿತಲ್ಲ ಎಂದು ನೆನೆದರೆ ಎದೆ ತುಂಬಿ ಬರುತ್ತದೆ.

ಓಟದವರಿಗೆ ಈ ದಾರಿ ಪುಣ್ಯಕ್ಷೇತ್ರವಾದದ್ದು ತೀರಾ ಇತ್ತೀಚೆಗೆ. 2019ರ ಅಕ್ಟೋಬರ್ 12ರ ಬೆಳಿಗ್ಗೆ ಕೆನ್ಯಾದ ಎಲಿಯುಡ್ ಕಿಪ್ಚೋಗೆ ಇಲ್ಲಿ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಮುಗಿಸಿದರು. ಎರಡು ಗಂಟೆಯೊಳಗೆ ಆ ದೂರವನ್ನು ಅದಕ್ಕೆ ಮೊದಲು ಯಾರೂ ಓಡಿರಲಿಲ್ಲ. ವೇಗ ಕಾಯ್ದುಕೊಡುವ ಓಟಗಾರರು ಸರದಿಯಂತೆ ಬದಲಾಗುತ್ತಿದ್ದರಿಂದ ಅದು ಅಧಿಕೃತ ದಾಖಲೆಯ ಪಟ್ಟಿ ಸೇರಲಿಲ್ಲ. ಅದರಿಂದ ಆ ಓಟದ ಬೆಲೆ ನನ್ನ ಕಣ್ಣಿನಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಒಂದು ಕಿಲೋಮೀಟರಿಗೆ ಅವರು ತೆಗೆದುಕೊಂಡದ್ದು ಸುಮಾರು 2 ನಿಮಿಷ 50 ಸೆಕೆಂಡು. ಅದೇ ಮರಗಳ ಕೆಳಗೆ ನಾನು ಏಳು ನಿಮಿಷಕ್ಕೊಂದರಂತೆ ಸಾಗುವಾಗ ಆ ವೇಗ ಎಂಥದ್ದೆಂದು ಮೈಗೆ ಅರಿವಾಯಿತು. ಟಿವಿಯಲ್ಲಿ ನೋಡಿದಾಗ ಅದು ಅರ್ಥವಾಗಿರಲಿಲ್ಲ.

ಮೂರನೆಯದು ನೆರೆ. 1954ರಲ್ಲಿ ಡ್ಯಾನ್ಯೂಬ್ ಉಕ್ಕಿ ಊರಿಗೆ ನುಗ್ಗಿದ ಮೇಲೆ, ನೀರಿಗೆ ಇನ್ನೊಂದು ದಾರಿ ತೋಡಬೇಕೆಂದು ನಗರಾಡಳಿತ ತೀರ್ಮಾನಿಸಿತು. 1972ರಿಂದ 1988ರವರೆಗೆ ನದಿಗೆ ಸಮನಾಗಿ ಹೊಸ ನಾಲೆ ತೋಡಿದರು. ಅಗೆದ ಮಣ್ಣನ್ನು ನಡುವೆ ಪೇರಿಸಿದ್ದರಿಂದ ಎದ್ದದ್ದು ಡೊನೌಇನ್ಸೆಲ್, 21 ಕಿಲೋಮೀಟರ್ ಉದ್ದದ ದ್ವೀಪ. ದೂರದ ಓಟಕ್ಕೆ ಇದಕ್ಕಿಂತ ಬೇರೆ ಜಾಗ ಬೇಡ. ಆದರೆ ನೆರಳು ಕಡಿಮೆ, ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗೆ ಬಡಿಯುತ್ತದೆ. ಆದ್ದರಿಂದ ಮೊದಲ ಅರ್ಧ ಗಾಳಿಗೆ ಎದುರಾಗಿ ಓಡುವುದು ಲೇಸು. ಬೇಸಿಗೆಯಲ್ಲಿ ಬಾಟಲಿ ಜೊತೆಗಿದ್ದರೆ ಸಾಕು, ಊರಿನ ಯಾವ ನಲ್ಲಿಯಿಂದಲೂ ತುಂಬಿಕೊಳ್ಳಬಹುದು. ವಿಯೆನ್ನಾದ ನಲ್ಲಿಗಳಿಗೆ 1873ರಿಂದಲೂ ಆಲ್ಪ್ಸ್ ಬೆಟ್ಟದ ಚಿಲುಮೆಗಳ ನೀರು ಹರಿದು ಬರುತ್ತಿದೆ. ಆ ತಣ್ಪನ್ನು ಓಡಿ ದಣಿದ ಗಂಟಲಿನಿಂದಲೇ ಅರಿಯಬೇಕು.

ಶೋನ್‌ಬ್ರುನ್ ಅರಮನೆಯ ತೋಟಕ್ಕೂ ಒಂದು ಬೆಳಿಗ್ಗೆ ಕೊಡಿ. ತೋಟಕ್ಕೆ ಟಿಕೆಟ್ ಇಲ್ಲ. ಗ್ಲೊರಿಯೆಟ್ ಮಂಟಪದವರೆಗಿನ ಏರು ತೊಡೆಗೆ ಒಳ್ಳೆಯ ಕೆಲಸ ಕೊಡುತ್ತದೆ.

ಈ ಮೂರು ಪ್ರಶ್ನೆಗಳು ಬೇರೆ ಊರುಗಳಲ್ಲೂ ಕೈಬಿಡುವುದಿಲ್ಲ. ಪೋಲೆಂಡಿನ ಕ್ರಾಕೋವ್‌ನಲ್ಲಿ ಗೋಡೆ ಕೆಡವಿದ ಜಾಗದಲ್ಲಿ ಊರನ್ನು ಬಳಸಿಕೊಂಡು ಪ್ಲಾಂಟಿ ತೋಟವಿದೆ. ಇಟಲಿಯ ಲುಕ್ಕಾದಲ್ಲಿ ಗೋಡೆಯನ್ನೇ ಉಳಿಸಿಕೊಂಡು ಅದರ ಮೇಲೆ ಮರ ನೆಟ್ಟಿದ್ದಾರೆ, ಸುತ್ತಿಗೆ ನಾಲ್ಕು ಕಿಲೋಮೀಟರಿಗೆ ಮಿಕ್ಕಿ ಓಡಬಹುದು. ಲಂಡನ್ನಿನ ಹೈಡ್ ಪಾರ್ಕ್ ಎಂಟನೇ ಹೆನ್ರಿಯ ಬೇಟೆಯ ನೆಲ. ಸ್ಪೇನಿನ ವೆಲೆನ್ಸಿಯಾದಲ್ಲಿ 1957ರ ನೆರೆಯ ನಂತರ ತುರಿಯಾ ನದಿಯನ್ನೇ ಊರಾಚೆ ತಿರುಗಿಸಿ, ಬರಿದಾದ ಪಾತ್ರವನ್ನು ಉದ್ಯಾನ ಮಾಡಿದರು. ಅಲ್ಲಿ ಹಳೆಯ ಸೇತುವೆಗಳ ಅಡಿಯಲ್ಲೇ ಓಟ.

ಹೊರಡುವ ದಿನ ವಿಮಾನ ಸಂಜೆಗಿತ್ತು. ಬೆಳಿಗ್ಗೆ ಮತ್ತೊಮ್ಮೆ ಹೌಪ್ಟ್‌ಆಲೆಗೆ ಹೋದೆ. ದಾರಿಯ ತುದಿಯಲ್ಲಿ ಲುಸ್ಟ್‌ಹೌಸ್ ಎಂಬ ಗುಂಡನೆಯ ಕಟ್ಟಡ. ಈಗ ಅದೊಂದು ರೆಸ್ಟೋರೆಂಟ್. ಅಷ್ಟು ಹೊತ್ತಿಗೆ ಬಾಗಿಲು ಇನ್ನೂ ಮುಚ್ಚಿತ್ತು. ಅದನ್ನು ಒಂದು ಸುತ್ತು ಹಾಕಿ ಹಿಂದಿರುಗಿದೆ. ಎಪ್ಪತ್ತು ದಾಟಿದ ದಂಪತಿ ಎದುರಿನಿಂದ ನಿಧಾನವಾಗಿ ಓಡಿ ಬರುತ್ತಿದ್ದರು. ಹತ್ತಿರ ಬಂದಾಗ ಇಬ್ಬರೂ ಕೈಯೆತ್ತಿ ‘ಮೊರ್ಗನ್’ ಎಂದರು. ನಾನೂ ‘ಮೊರ್ಗನ್’ ಎಂದೆ. ಎಡಗಾಲಿನ ನೋವು ಅಷ್ಟರಲ್ಲಿ ಪೂರ್ತಿ ಹೋಗಿತ್ತು.