ಕಲ್ಲುಗಣಿಯೂ ಕರಡಿಯ ಗವಿಯೂ

ಗಣಿ ಎಂದೊಡನೆ ಕಲ್ಲಿದ್ದಲು ನೆನಪಾಗುವುದು ಸಹಜ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಸೀಮೆಯ ಜನರು ಕಂಡಿರುವುದು ಕಲ್ಲಿನ ಗಣಿಯನ್ನು. ಇಲ್ಲಿನ ಬಂಡೆಗುಡ್ಡಗಳಲ್ಲಿ ಬಹುಪಾಲು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಶಿಲಾರಸವು ತಣಿದು ಉಂಟಾದ ಗ್ರಾನೈಟ್ ಶಿಲೆಯವು. ಮಳೆಬಿಸಿಲುಗಳು ಈ ಶಿಲೆಯನ್ನು ಸೀಳಿ ಗುಂಡುಗಳಾಗಿ ಮಾಡಿವೆ, ಗುಂಡುಗಳ ನಡುವೆ ಗವಿಗಳಿವೆ, ಗವಿಗಳಲ್ಲಿ ಕರಡಿಗಳಿವೆ. ಹಗಲೆಲ್ಲ ಅಲ್ಲಿ ತಂಪಿನಲ್ಲಿ ಮಲಗಿದ್ದು, ಕತ್ತಲಾದ ಮೇಲೆ ಗೆದ್ದಲು, ಇರುವೆ, ಕಾಡುಹಣ್ಣುಗಳನ್ನು ಅರಸಿ ಹೊರಡುವುದು ಕರಡಿಯ ರೂಢಿ.

ಈ ಜೀವಿಗಳಿಗಾಗಿ ಮೂರು ಪ್ರದೇಶಗಳನ್ನು ಕಾದಿಡಲಾಗಿದೆ. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವಾಯಿತು. 2016ರಲ್ಲಿ ಕರಡಿಗಳ ನೆಲೆಯಾದ ತಿಮ್ಲಾಪುರವೂ, 2019ರಲ್ಲಿ ಚಿಂಕಾರವೆಂಬ ಸಣ್ಣ ಜಿಂಕೆಗಾಗಿ ಶಿರಾ ಕಡೆಯ ಬುಕ್ಕಾಪಟ್ಟಣವೂ ವನ್ಯಜೀವಿಧಾಮಗಳಾದವು. ಆದರೆ ಪ್ರಾಣಿಗಳು ಗಡಿಕಲ್ಲನ್ನು ಬಲ್ಲವೇ? ಧಾಮದ ಹೊರಗಿನ ಗುಡ್ಡಗಳಲ್ಲಿಯೂ ಅವು ವಾಸಿಸುತ್ತವೆ.

ಗಣಿಯಲ್ಲಿ ಮದ್ದು ಸಿಡಿದಾಗ ಗವಿಗೆ ಎರಡು ಸುದ್ದಿಗಳು ಮುಟ್ಟುತ್ತವೆ. ಗ್ರಾನೈಟಿನಲ್ಲಿ ಕಂಪನವು ಸೆಕೆಂಡಿಗೆ ಸುಮಾರು 5 ಕಿಲೋಮೀಟರು ಸಾಗುತ್ತದೆ. ಗಾಳಿಯಲ್ಲಿ ಶಬ್ದವು ಸುಮಾರು 340 ಮೀಟರು ಮಾತ್ರ. ಆದುದರಿಂದ 2 ಕಿಲೋಮೀಟರು ದೂರದ ಕರಡಿಗೆ ನೆಲದ ನಡುಕವು ಅರ್ಧ ಸೆಕೆಂಡಿನೊಳಗೆ ತಲುಪಿದರೆ, ಸದ್ದು ಕೇಳುವುದು ಸುಮಾರು 6 ಸೆಕೆಂಡಿನ ಬಳಿಕ.

ನಡುಕವನ್ನು ಕುಗ್ಗಿಸಲು ಒಂದು ಸರಳ ಉಪಾಯವಿದೆ. ದೂರವನ್ನು ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಿರಿ. ಬರುವ ಸಂಖ್ಯೆ ದೊಡ್ಡದಾದಷ್ಟೂ ನಡುಕವು ಕಡಿಮೆ. 100 ಕಿಲೋಗ್ರಾಂ ಮದ್ದು ಒಮ್ಮೆಗೇ ಸಿಡಿದರೆ 500 ಮೀಟರಿನಲ್ಲಿ ಈ ಸಂಖ್ಯೆ 50. ಅದೇ ಮದ್ದನ್ನು 4 ಕಿಲೋಗ್ರಾಮಿನ 25 ಭಾಗಗಳಾಗಿ ಮಾಡಿ, ಸೆಕೆಂಡಿನ ಕೆಲವು ಸಾವಿರಾಂಶಗಳ ಅಂತರದಲ್ಲಿ ಒಂದಾದ ಮೇಲೊಂದನ್ನು ಸಿಡಿಸಿದರೆ, 100 ಮೀಟರಿನಲ್ಲಿಯೇ ಆ ಸಂಖ್ಯೆ ದೊರೆಯುತ್ತದೆ. ವಜ್ರದ ಮಣಿಗಳುಳ್ಳ ಉಕ್ಕಿನ ಹಗ್ಗದಿಂದ ಬಂಡೆಯನ್ನು ಕೊಯ್ದರೆ ಮದ್ದಿನ ಅಗತ್ಯವು ಇನ್ನೂ ಕಡಿಮೆಯಾಗುತ್ತದೆ.

ಆದರೆ ಉಪಕರಣವು ನೆಲ ಎಷ್ಟು ನಡುಗಿತೆಂದು ಹೇಳುವುದೇ ಹೊರತು ಕರಡಿ ಏನು ಮಾಡಿತೆಂದು ಹೇಳಲಾರದು. ಅದಕ್ಕೆ ಹೆಜ್ಜೆ, ಲದ್ದಿ, ಅಗೆದ ಹುತ್ತಗಳನ್ನು ಎಣಿಸಬೇಕು. ಒಂದು ಗುಡ್ಡದಲ್ಲಿ ಗಣಿಗೆ ಮುಂಚೆ 24 ಗುರುತುಗಳಿದ್ದು, ಬಳಿಕ 8 ಉಳಿದವೆಂದಿಟ್ಟುಕೊಳ್ಳಿ. ಇಳಿದ 16ಕ್ಕೂ ಗಣಿಯೇ ಕಾರಣವೆನ್ನಬಹುದೇ? ಆ ವರ್ಷ ಬರಗಾಲವೂ ಬಂದಿರಬಹುದು. ಆದುದರಿಂದ ಗಣಿಯಿಲ್ಲದ, ಮಿಕ್ಕೆಲ್ಲ ವಿಧದಲ್ಲಿಯೂ ಅಂಥದೇ ಆದ ಇನ್ನೊಂದು ಗುಡ್ಡವನ್ನೂ ಎಣಿಸಬೇಕು. ಅಲ್ಲಿ 18 ಇದ್ದುದು 12 ಆಗಿದ್ದರೆ, ಮೂರರಲ್ಲೊಂದು ಪಾಲಿನ ಇಳಿಕೆ ಗಣಿಯಿಲ್ಲದೆಯೇ ಆದುದು. ಆ ಲೆಕ್ಕದಲ್ಲಿ ಮೊದಲನೆಯ ಗುಡ್ಡದಲ್ಲಿ 16 ಉಳಿಯಬೇಕಾಗಿತ್ತು, ಉಳಿದುದು 8. ಗಣಿಯ ಮೇಲೆ ಹೊರಿಸಬಹುದಾದ ನಷ್ಟ 8 ಮಾತ್ರ. ಒಂದು ಜೋಡಿ ಗುಡ್ಡದಲ್ಲಿ ಆಕಸ್ಮಿಕವೂ ಸೇರಿರಬಹುದು. ಹಲವು ಜೋಡಿಗಳಲ್ಲಿ ಇದೇ ಕಂಡರೆ ನಿರ್ಣಯವು ಗಟ್ಟಿಯಾಗುತ್ತದೆ. ಗಣಿ ತೆರೆದ ಮೇಲೆ ಎಣಿಕೆಗೆ ಹೊರಟರೆ ಮೊದಲಿನ ಸಂಖ್ಯೆಯೇ ಸಿಗದು.

ಇಲ್ಲಿ ಕಲ್ಲಿದ್ದಲಿಗೂ ಕಲ್ಲಿಗೂ ಇರುವ ಭೇದವನ್ನು ಗಮನಿಸಬೇಕು. ತೆರೆದ ಕಲ್ಲಿದ್ದಲು ಗಣಿಯಲ್ಲಿ ಮೇಲಿನ ಮಣ್ಣನ್ನು ತೆಗೆದಿಟ್ಟು, ಇದ್ದಲು ಮುಗಿದ ಮೇಲೆ ಹಳ್ಳಕ್ಕೆ ತುಂಬಿ ಗಿಡ ನೆಡಬಹುದು. ಅದು ಮೊದಲಿನ ಕಾಡಾಗದಿದ್ದರೂ ಒಂದು ಬಗೆಯ ಕಾಡಾದೀತು. ಕಲ್ಲುಗಣಿಯಲ್ಲಾದರೋ, ಲಾರಿಯೇರಿ ಹೋಗುವ ಸರಕೇ ಕರಡಿಯ ಮನೆ! ಗಿಡ ನೆಟ್ಟರೆ ಗವಿ ಬೆಳೆಯುವುದಿಲ್ಲ. ನೆಲೆ ತಪ್ಪಿದ ಕರಡಿ ಹೊಲಗಳತ್ತ ಬಂದರೆ ಮನುಷ್ಯನಿಗೂ ಅಪಾಯ, ಅದಕ್ಕೂ ಅಪಾಯ.

ಹಾಗೆಂದು ಕಲ್ಲು ಬೇಡವೆನ್ನಲಾಗದು. ನಮ್ಮ ಮನೆ, ರಸ್ತೆಗಳು ಅದರಿಂದಲೇ ಆದುವು, ಎಷ್ಟೋ ಕುಟುಂಬಗಳ ಅನ್ನವೂ ಅದರಲ್ಲಿದೆ. ಗವಿಗಳಿಲ್ಲದ ಬಂಡೆಯನ್ನು ಆರಿಸುವುದು, ಸಂಜೆಯ ಮೇಲೆ ಕೆಲಸ ನಿಲ್ಲಿಸುವುದು, ಹೆಣ್ಣು ಕರಡಿಗಳು ಸಾಮಾನ್ಯವಾಗಿ ಮರಿಹಾಕುವ ಚಳಿಗಾಲದಲ್ಲಿ ಗವಿಗಳ ಬಳಿ ಸಿಡಿತವನ್ನು ಬಿಡುವುದು—ಇವೆಲ್ಲ ಸಾಧ್ಯವಾದ ಕೆಲಸಗಳೇ. ಇವುಗಳಲ್ಲಿ ಮೊದಲನೆಯದೇ ಮುಖ್ಯವಾದುದು. ಉಳಿದ ತಪ್ಪುಗಳನ್ನು ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಕೊಯ್ದ ಗುಡ್ಡವನ್ನು ತಿರುಗಿ ನಿಲ್ಲಿಸಲಾಗದು.