ಮೌಸ್ ಸ್ವಲ್ಪ ಪಕ್ಕಕ್ಕಿಡಿ

ಒಂದು ಬಟನ್ನಿನ ಕ್ಲಾಸ್ ಹೆಸರು ಬದಲಿಸ್ಬೇಕು. ಫೈಲಿನಲ್ಲಿ ಅದು 7 ಕಡೆ ಇದೆ. ಒಂದೊಂದನ್ನೇ ಹುಡುಕಿ, ಅಳಿಸಿ, ಮತ್ತೆ ಟೈಪ್ ಮಾಡ್ತೀರಾ? ಬೇಡ ಮಾರಾಯ್ರೇ.

ವಿಎಸ್ ಕೋಡ್ ಎಡಿಟರಿನಲ್ಲಿ ಆ ಪದದ ಮೇಲೆ ಕರ್ಸರ್ ಇಟ್ಟು, ಕಂಟ್ರೋಲ್ ಹಿಡಿದು ಡಿ ಒತ್ತಿ. ಪದ ಸೆಲೆಕ್ಟ್ ಆಯ್ತು. ಮತ್ತೆ ಡಿ, ಮುಂದಿನದೂ ಸೇರ್ಕೊಳ್ತು. ಹೀಗೇ ಒತ್ತುತ್ತಾ ಹೋಗಿ. ನೋಡಿ, 7 ಕರ್ಸರ್ ಒಟ್ಟಿಗೇ ಮಿನುಗ್ತಿವೆ! ಒಮ್ಮೆ ಟೈಪ್ ಮಾಡಿದ್ರೆ ಎಲ್ಲಾ ಕಡೆ ಬದಲು. ನಡುವೆ ಬೇಡದ ಜಾಗ ಸಿಕ್ತಾ? ಕಂಟ್ರೋಲ್ ಕೆ, ಹಿಂದೆಯೇ ಕಂಟ್ರೋಲ್ ಡಿ. ಅದನ್ನು ಬಿಟ್ಟು ಮುಂದಕ್ಕೆ ಹಾರುತ್ತೆ. ಮ್ಯಾಕ್‌ನವರು ಕಂಟ್ರೋಲ್ ಅಂದಲ್ಲೆಲ್ಲ ಕಮಾಂಡ್ ಅಂದ್ಕೊಳ್ಳಿ.

ಇನ್ನು ಚುಟುಕಾಗಿ ಬರೆದದ್ದನ್ನ ಪೂರ್ತಿ ಕೋಡ್ ಮಾಡೋ ಎಮ್ಮೆಟ್. ಎಮ್ಮೆ ಅಲ್ಲ, ಎಮ್ಮೆಟ್! ಎಚ್‌ಟಿಎಂಎಲ್ ಫೈಲಿನಲ್ಲಿ ಯುಎಲ್, ಗ್ರೇಟರ್ ದ್ಯಾನ್ ಚಿಹ್ನೆ, ಎಲ್‌ಐ, ಸ್ಟಾರ್, 5 ಅಂತ ಜಾಗ ಬಿಡದೆ ಟೈಪ್ ಮಾಡಿ. ಟ್ಯಾಬ್ ಒತ್ತಿ. 5 ಐಟಂಗಳ ಲಿಸ್ಟ್ ರೆಡಿ. ಇದಕ್ಕೆ ಪ್ಲಗಿನ್ನೂ ಬೇಡ, ಎಡಿಟರಿನೊಳಗೇ ಇದೆ.

ಪ್ಲಗಿನ್ ಹಾಕೋದಾದ್ರೆ ನನ್ನ ಮೊದಲ ಓಟು ಪ್ರೆಟಿಯರ್‌ಗೆ. ಅದನ್ನು ಡೀಫಾಲ್ಟ್ ಫಾರ್ಮ್ಯಾಟರ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಫಾರ್ಮ್ಯಾಟ್ ಆನ್ ಸೇವ್ ಟಿಕ್ ಮಾಡಿ. ಸೇವ್ ಕೊಟ್ಟ ಕೂಡಲೇ ಚೆಲ್ಲಾಪಿಲ್ಲಿ ಕೋಡ್ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತೆ.

ಹಾಗಂತ ಕಂಡದ್ದನ್ನೆಲ್ಲ ತುಂಬ್ಕೋಬೇಡಿ. ಬ್ರಾಕೆಟ್ ಜೋಡಿಗೆ ಬಣ್ಣ ಹಚ್ಚೋ ಪ್ಲಗಿನ್ ನೆನಪಿದ್ಯಾ? 2021ರಲ್ಲೇ ಆ ಸೌಲಭ್ಯ ವಿಎಸ್ ಕೋಡ್‌ಗೇ ಬಂತು. ಹಳೇದು ಇನ್ನೂ ಕೂತಿದ್ರೆ ತೆಗೆದುಹಾಕಿ.

ಶಾರ್ಟ್‌ಕಟ್ ಮರೆತುಹೋಯ್ತಾ? ಕಂಟ್ರೋಲ್ ಶಿಫ್ಟ್ ಪಿ ಒತ್ತಿ ಕೆಲಸದ ಹೆಸರು ಬರೀರಿ. ಅದಕ್ಕೆ ಶಾರ್ಟ್‌ಕಟ್ ಇದ್ರೆ ಪಕ್ಕದಲ್ಲೇ ಕಾಣಿಸುತ್ತೆ.