ಮೊತ್ತ ತಾಳೆಯಾಯಿತು, ಹೆಸರು ತಾಳೆಯಾಗಲಿಲ್ಲ

ದೀಪಾವಳಿಗೆ ಹೊಸ ವಹಿಯ ಪೂಜೆ ಮಾಡುವುದು, ಅದಾದ ಎಂಟು-ಹತ್ತು ದಿನಗಳಲ್ಲಿ ಉದ್ರಿ ಬಾಕಿ ಇದ್ದವರಿಗೆ ಕಾಗದ ಕಳಿಸುವುದು ಜತ್ತದ ನಮ್ಮ ಅಂಗಡಿಯ ಹಳೆಯ ರೂಢಿ. ಸರಕಾರದ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಸುರುವಾದರೂ, ನಮ್ಮ ಮನೆಯಲ್ಲಿ ಹೊಸ ವರ್ಷವೆಂದರೆ ವೀರನಿರ್ವಾಣದ ಮರುದಿನವೇ. ಮೊದಲು ಗುಮಾಸ್ತರು ಕೂತು ನಾಲ್ಕೈದು ದಿನ ಈ ಕಾಗದಗಳನ್ನು ಬರೆಯುತ್ತಿದ್ದರು. 2023ರಲ್ಲಿ ನಮ್ಮ ಚಿರಂಜೀವಿಯು ಕಂಪ್ಯೂಟರಿನಲ್ಲಿ ಒಂದೇ ಸಂಜೆಗೆ ಎಲ್ಲವನ್ನೂ ಮುದ್ರಿಸಿಕೊಟ್ಟ. ನಮಗೆ ಸಂತೋಷವಾಯಿತು.

ವಾರದ ಮೇಲೆ ಉಮದಿ ಕಡೆಯ ಹಿರಿಯ ಗಿರಾಕಿಯೊಬ್ಬರು ಬಂದರು. ನಮ್ಮ ತಂದೆಯವರ ಕಾಲದಿಂದ ವ್ಯವಹಾರ ಇಟ್ಟುಕೊಂಡವರು. ಚಹಾ ಬೇಡವೆಂದರು. ಕಾಗದವನ್ನು ಗಾದಿಯ ಮೇಲಿಟ್ಟು, "ಸಾವಕಾರ್ರ, ಸುಗ್ಗಿಯಾಗ ನಾ ಕೊಟ್ಟ ರೊಕ್ಕ ನಿಮ್ಮ ಪುಸ್ತಕದಾಗ ಇಲ್ಲೇನ್ರಿ?" ಎಂದು ಕೇಳಿದರು. ಕಾಗದದಲ್ಲಿ ಅವರ ಹೆಸರಿನ ಮುಂದೆ ನಲವತ್ತೆರಡು ಸಾವಿರ ಬಾಕಿ. ತಂದೆಯವರು ಒಂದು ಮಾತೂ ಆಡದೆ ಕಿರ್ದಿ ತೆಗೆದರು. ರೊಕ್ಕ ಜಮಾ ಆಗಿತ್ತು, ಪೈಸೆ ಬಾಕಿ ಇರಲಿಲ್ಲ. ಆ ಹೊತ್ತಿನಲ್ಲಿ ನಾವು ತಲೆ ಎತ್ತಲಾರದೆ ಕೂತದ್ದನ್ನು ವ್ಯಾಪಾರ ಮಾಡುವ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತೆರಡು ಸಾವಿರ ದೊಡ್ಡದಲ್ಲ; ಕೊಟ್ಟವನನ್ನು ಕೊಡದವನೆಂದು ಬರವಣಿಗೆಯಲ್ಲಿ ಹೇಳಿದ್ದು ದೊಡ್ಡದು.

ತಪ್ಪು ಎಲ್ಲಿ ಆಯಿತೆಂದು ಹುಡುಕಲು ಎರಡು ದಿನ ಬೇಕಾಯಿತು. ಗಿರಾಕಿಗಳ ಹೆಸರು-ಊರುಗಳ ಪಟ್ಟಿ ಎಕ್ಸೆಲ್‌ನಲ್ಲಿ ಇತ್ತು. ಹುಡುಗ ಅದಕ್ಕೆ ಫಿಲ್ಟರ್ ಹಾಕಿ, ಬಾಕಿ ತೀರಿಸಿದವರ ಸಾಲುಗಳನ್ನು ಮರೆಮಾಡಿ, ಬಾಕಿ ಇದ್ದವರಷ್ಟೇ ಕಾಣುವಂತೆ ಮಾಡಿದ್ದ. ಆಮೇಲೆ ಲೆಕ್ಕದ ಸಾಫ್ಟ್‌ವೇರಿನಿಂದ ಬಾಕಿಯ ಅಂಕಿಗಳನ್ನು ಕಾಪಿ ಮಾಡಿ, ಹೆಸರುಗಳ ಪಕ್ಕದಲ್ಲಿ ಪೇಸ್ಟ್ ಮಾಡಿದ್ದ. ಕಾಣುವ ಸಾಲುಗಳಿಗಷ್ಟೇ ಅಂಕಿ ಹೋಗುತ್ತದೆಂದು ಅವನ ತಿಳುವಳಿಕೆ. ಎಕ್ಸೆಲ್ ಹಾಗೆ ಮಾಡುವುದಿಲ್ಲ. ಅದು ಒಂದರ ಕೆಳಗೊಂದು ಸಾಲು ಹಿಡಿದು, ಮರೆಯಾಗಿರುವ ಸಾಲುಗಳಲ್ಲೂ ತುಂಬುತ್ತ ಹೋಗುತ್ತದೆ. ಮೊದಲ ಮರೆಯಾದ ಸಾಲಿನಿಂದಾಚೆಗೆ ಒಬ್ಬರ ಬಾಕಿ ಇನ್ನೊಬ್ಬರ ಹೆಸರಿಗೆ ಬಿತ್ತು. ಎಲ್ಲಕ್ಕಿಂತ ಮೋಸದ ಸಂಗತಿ ಇದು: ಒಟ್ಟು ಮೊತ್ತ ಕೂಡಿಸಿ ನೋಡಿದರೆ ಪೈಸೆಗೆ ಪೈಸೆ ಸರಿಯಿತ್ತು! ಅಂಕಿ ಒಂದೂ ಕಳೆದಿರಲಿಲ್ಲ, ಮನೆ ಬದಲಿಸಿದ್ದವು ಅಷ್ಟೇ. ಮೊತ್ತ ತಾಳೆಯಾದರೆ ಲೆಕ್ಕ ಸರಿ ಎಂದು ನಂಬಿ ಬೆಳೆದ ನಮ್ಮಂಥವರನ್ನು ಇದು ಹೊಡೆದು ಹಾಕಿತು.

ಆ ಮೇಲೆ ನಾವೂ ಹುಡುಗನ ಪಕ್ಕದಲ್ಲಿ ಕೂತು ಈ ಕಾಪಿ-ಪೇಸ್ಟ್ ವಿದ್ಯೆಯನ್ನು ಸ್ವಲ್ಪ ತಿಳಿದುಕೊಂಡೆವು. ಇದನ್ನು ರೂಪಿಸಿದವರು ಅಮೇರಿಕೆಯ ಲ್ಯಾರಿ ಟೆಸ್ಲರ್. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಟಿಮ್ ಮಾಟ್ ಅವರೊಡನೆ ಕೆಲಸ ಮಾಡುವಾಗ, ಪತ್ರಿಕೆಯವರು ಕತ್ತರಿಯಿಂದ ಕಾಗದ ಕತ್ತರಿಸಿ ಅಂಟಿನಿಂದ ಅಂಟಿಸುವುದನ್ನೇ ಕಂಪ್ಯೂಟರಿಗೆ ತಂದರು. ಅವರು 2020ರಲ್ಲಿ ತೀರಿಕೊಂಡರು.

ಕಾಪಿ ಮಾಡಿದ್ದು ಹೋಗಿ ಕೂಡುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಎನ್ನುತ್ತಾರೆ. ನಾವು ಅದನ್ನು ಶಾಲೆಯ ಪಾಟಿ ಎಂದು ತಿಳಿದುಕೊಂಡಿದ್ದೇವೆ: ಹೊಸದು ಬರೆದರೆ ಹಳೆಯದು ಅಳಿಯಿತು. (2018ರಿಂದ ವಿಂಡೋಸ್‌ನಲ್ಲಿ ಹಿಂದಿನವನ್ನೂ ಉಳಿಸಿಕೊಳ್ಳುವ ಸೌಕರ್ಯ ಬಂದಿದೆ. ಆದರೆ ಬ್ಯಾಂಕಿನ ಪಾಸ್‌ವರ್ಡ್ ಕಾಪಿ ಮಾಡಿದ್ದರೆ ಅದೂ ಅಲ್ಲೇ ಕೂತಿರಬಹುದೆಂಬ ನೆನಪಿರಲಿ.) ಈ ಪಾಟಿಯ ಮೇಲೆ ಒಂದೇ ಸಂಗತಿ ಹಲವು ರೂಪದಲ್ಲಿ ಇರುತ್ತದೆ, ಬರಿಯ ಅಕ್ಷರವಾಗಿ, ಬಣ್ಣ-ಗೆರೆ ಸಹಿತವಾಗಿ, ಸೂತ್ರ ಸಹಿತವಾಗಿ. ಇಳಿಸಿಕೊಳ್ಳುವ ಸಾಫ್ಟ್‌ವೇರು ತನಗೆ ತಿಳಿದ ರೂಪವನ್ನು ಆರಿಸಿಕೊಳ್ಳುತ್ತದೆ. ಆದುದರಿಂದ ಕಣ್ಣಿಗೆ ಕಂಡದ್ದೇ ಆಚೆಗೆ ಹೋಗಿ ಇಳಿಯಿತೆಂದು ನಂಬುವಂತಿಲ್ಲ.

ಬೇದಾಣೆ ಮತ್ತು ಅರಿಷಿಣದ ವ್ಯಾಪಾರ ಮಾಡುವವರಿಗೆ ಇದರ ಅನುಭವ ಆಗಿಯೇ ಇರಬೇಕು. ಜಿ.ಎಸ್.ಟಿ. 2017ರಲ್ಲಿ ಬಂದ ಮೇಲೆ ಬಿಲ್ಲಿನಲ್ಲಿ ಎಚ್.ಎಸ್.ಎನ್. ಸಂಖ್ಯೆಯೂ ನಮ್ಮ ಲೆಕ್ಕಕ್ಕೆ ಸೇರಿತು. ದ್ರಾಕ್ಷಿ-ಬೇದಾಣೆಗೆ 0806, ಅರಿಷಿಣಕ್ಕೆ 0910. ಇವನ್ನು ಎಕ್ಸೆಲ್‌ಗೆ ಪೇಸ್ಟ್ ಮಾಡಿದರೆ ಅದು ಇವನ್ನು ಎಣಿಕೆಯೆಂದು ತಿಳಿದು ಮುಂದಿನ ಸೊನ್ನೆಯನ್ನು ನುಂಗಿ 806, 910 ಎಂದು ಇಳಿಸುತ್ತದೆ. ಬ್ಯಾಂಕಿನ ಖಾತೆ ಸಂಖ್ಯೆಯದು ಇನ್ನೂ ಕಷ್ಟ. ಎಕ್ಸೆಲ್ ಒಂದು ಎಣಿಕೆಯಲ್ಲಿ 15 ಅಂಕಿ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಖಾತೆ ಸಂಖ್ಯೆ 16 ಅಂಕಿಯದಾದರೆ ಕೊನೆಯದು ಸೊನ್ನೆಯಾಗುತ್ತದೆ. ಮೊದಲೇ ಆ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಗುರುತಿಸಿ, ಆ ಮೇಲೆ 'ಪೇಸ್ಟ್ ಸ್ಪೆಷಲ್' ಮೂಲಕ ಅಕ್ಷರವಾಗಿ ಇಳಿಸಿದರೆ ಈ ತೊಂದರೆ ಇಲ್ಲ. ಸೊನ್ನೆ ಹೋದ ಮೇಲೆ 'ಟೆಕ್ಸ್ಟ್' ಮಾಡಿ ಪ್ರಯೋಜನವಿಲ್ಲ, ಹೋದದ್ದು ತಿರುಗಿ ಬರುವುದಿಲ್ಲ.

ಕನ್ನಡ-ಮರಾಠಿ ಎರಡೂ ನಡೆಯುವ ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಇದೆ. ಮುದ್ರಣಾಲಯದಲ್ಲಿ ಹಳೆಯ ಫಾಂಟಿನಲ್ಲಿ ಜೋಡಿಸಿದ ಪೂಜೆಯ ಆಮಂತ್ರಣವನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರವನ್ನು ಕೂರಿಸಿದ್ದವು. ಪಾಟಿಯ ಮೇಲೆ ಹೋಗುವುದು ಅಕ್ಷರದ ಸಂಖ್ಯೆಯೇ ಹೊರತು ಆಕಾರವಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸಂಖ್ಯೆಗಳಿವೆ. ಅದರಲ್ಲಿ ಬರೆದದ್ದು ಎಲ್ಲಿ ಇಳಿಸಿದರೂ ಕನ್ನಡವಾಗಿಯೇ ಇರುತ್ತದೆ.

ಮೌಸಿನಿಂದ ಹಿಡಿದು ಎಳೆದು ಬಿಡುವ ರೀತಿಯೂ ಉಂಟು. ಇದರಲ್ಲಿ ಒಂದೇ ಡ್ರೈವಿನೊಳಗೆ ಎಳೆದರೆ ಫೈಲು ಮೂಲ ಜಾಗದಿಂದ ಎದ್ದುಹೋಗುತ್ತದೆ. ಪೆನ್‌ಡ್ರೈವಿಗೆ ಎಳೆದರೆ ಮಾತ್ರ ಪ್ರತಿಯಾಗುತ್ತದೆ. ಒಂದೇ ಡ್ರೈವಿನಲ್ಲೂ ಪ್ರತಿ ಬೇಕಾದರೆ ಕಂಟ್ರೋಲ್ ಕೀಲಿ ಒತ್ತಿ ಹಿಡಿಯಬೇಕು. ಕೈ ಜಾರಿ ಒಂದು ಫೋಲ್ಡರು ಪಕ್ಕದ ಫೋಲ್ಡರಿನೊಳಗೆ ಬಿದ್ದು, ವರ್ಷದ ಲೆಕ್ಕವೇ ಕಳೆಯಿತೆಂದು ಗಾಬರಿಯಾದವರನ್ನು ನಾವು ಕಂಡಿದ್ದೇವೆ. ಕೂಡಲೇ ಕಂಟ್ರೋಲ್-ಝಡ್ ಒತ್ತಿದರೆ ಅದು ತಿರುಗಿ ಬರುತ್ತದೆ.

ಪ್ರತಿ ಮಾಡುವ ಕೆಲಸವನ್ನು ನಮ್ಮ ಹಿರಿಯರು ಹಗುರವಾಗಿ ಎಣಿಸಿದವರಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳು. ಓಲೆ ಬರೆಯುವವನಿಗೆ ಕಣ್ಣು ಒಂದು ಸಾಲು ಹಾರಿದರೆ ತಪ್ಪಾಯಿತು. ನಮ್ಮ ಹುಡುಗನದೂ ಸಾಲು ತಪ್ಪಿದ ತಪ್ಪೇ.

ಚಿರಂಜೀವಿಯನ್ನು ಕರೆದುಕೊಂಡು ನಾವು ಉಮದಿ ಕಡೆಗೆ ಹೋಗಿ ಆ ಹಿರಿಯರ ಮನೆಯಲ್ಲಿ ತಪ್ಪೊಪ್ಪಿಕೊಂಡು ಬಂದೆವು. ಅವರು ಮಜ್ಜಿಗೆ ಕೊಟ್ಟರು. ಬೇರೆ ಹದಿನೇಳು ಜನರಿಗೂ ತಪ್ಪು ಕಾಗದ ಹೋಗಿತ್ತು, ಎಲ್ಲರಿಗೂ ಫೋನು ಮಾಡಿದೆವು. ಈಗ ಅಂಕಿಯನ್ನು ಒಂಟಿಯಾಗಿ ತರುವುದಿಲ್ಲ. ಫಿಲ್ಟರ್ ತೆಗೆದು, ಹೆಸರು-ಬಾಕಿ ಎರಡನ್ನೂ ಜೊತೆಗೆ ಕಾಪಿ ಮಾಡಿ ಪಟ್ಟಿಯ ಪಕ್ಕದಲ್ಲಿ ಇಳಿಸಿ, ಎರಡು ಹೆಸರುಗಳು ಒಂದೇ ಇವೆಯೇ ಎಂದು ಸಾಲು ಸಾಲಾಗಿ ನೋಡುತ್ತೇವೆ.

2024ರ ದೀಪಾವಳಿಯ ಕಾಗದಗಳು ಹೋಗುವ ಮೊದಲು ತಂದೆಯವರು ಕಿರ್ದಿ ಹಿಡಿದು ಓದಿದರು, ಹುಡುಗ ಪರದೆ ನೋಡಿ ಹೂಂಗುಟ್ಟಿದ. ಒಂದು ಕಡೆ ತಪ್ಪು ಸಿಕ್ಕಿತು. ಅದು ಕಿರ್ದಿಯಲ್ಲೇ ಇತ್ತು, ನಮ್ಮದೇ ಕೈಬರಹ.